ದುಡ್ಡು ಕೊಟ್ಟ ಆಟಕ್ಕೆ ಬೀಗ ಬಿದ್ದಾಗ

‘ದಿ ಕ್ರೂ’ ಎಂಬುದು ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ 2014ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ತಂದ ಕಾರ್ ರೇಸಿನ ಆಟ. ಇಡೀ ಅಮೆರಿಕವನ್ನು ಕುಗ್ಗಿಸಿ ಒಂದೇ ನಕ್ಷೆಯೊಳಗೆ ಕೂರಿಸಿದ್ದು ಅದರ ಹೆಚ್ಚುಗಾರಿಕೆ. ನ್ಯೂಯಾರ್ಕಿನಿಂದ ಹೊರಟು ಎಲ್ಲೂ ನಿಲ್ಲಿಸದೆ ಓಡಿಸಿದರೆ ಲಾಸ್ ಏಂಜಲೀಸ್ ಮುಟ್ಟಲು ಸುಮಾರು ಮುಕ್ಕಾಲು ಗಂಟೆ ಬೇಕಿತ್ತು. ದಾರಿಯಲ್ಲಿ ಹೊಲಗದ್ದೆ, ಹಿಮದ ಬೆಟ್ಟ, ಮರುಭೂಮಿ ಎಲ್ಲ ಸಿಗುತ್ತಿದ್ದವು. ರೇಸಿನ ಗೊಡವೆಗೇ ಹೋಗದೆ, ರಸ್ತೆ ಹಿಡಿದು ಸುಮ್ಮನೆ ಹೋಗುತ್ತಿರುವುದಕ್ಕೆಂದೇ ಇದನ್ನು ಆಡುತ್ತಿದ್ದವರಿದ್ದರು. ಆಟಕ್ಕೆ ಹತ್ತು ವರ್ಷ ತುಂಬುವ ಮೊದಲೇ, 2024ರ ಮಾರ್ಚ್ 31ರಂದು, ಕಂಪನಿ ಅದರ ಸರ್ವರ್‌ಗಳನ್ನು ನಿಲ್ಲಿಸಿತು. ಅಲ್ಲಿಗೆ ಆಟ ಮುಗಿಯಿತು. ಡಿಸ್ಕ್ ಕೊಂಡು ಕಪಾಟಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದವರಿಗೂ ಅದು ತೆರೆಯಲಿಲ್ಲ. ಕೆಲವೇ ದಿನಗಳಲ್ಲಿ ಅನೇಕರ ಖಾತೆಯಿಂದ ಅದರ ಪರವಾನಗಿಯೂ ಹೋಯಿತು. ಈ ಆಟ ನಿಮಗೆ ಇನ್ನು ಲಭ್ಯವಿಲ್ಲ, ಅಂಗಡಿಯಲ್ಲಿ ಬೇರೆ ಆಟಗಳಿವೆ ನೋಡಿ ಎಂಬರ್ಥದ ಸೂಚನೆ ಪರದೆಯ ಮೇಲೆ ಬಂತು.

ಆಟಗಾರರು ಸಿಟ್ಟಾಗಿದ್ದರಲ್ಲಿ ನ್ಯಾಯವಿದೆ. ಹಲವರೊಡನೆ ಸೇರಿ ಆಡುವ ಆಟಕ್ಕೆ ಸರ್ವರ್ ಬೇಕು ಎಂಬುದು ಎಲ್ಲರಿಗೂ ಅರ್ಥವಾಗುವ ಮಾತು. ಆದರೆ ‘ದಿ ಕ್ರೂ’ದಲ್ಲಿ ಒಬ್ಬರೇ ಕೂತು ಆಡುವ ಕಥೆಯೊಂದು ಪೂರ್ತಿಯಾಗಿ ಇತ್ತು. ಅದನ್ನು ಆಡುವಾಗಲೂ ಕಂಪನಿಯ ಸರ್ವರ್ ಸಂಪರ್ಕದಲ್ಲಿರಲೇಬೇಕು ಎಂಬಂತೆ ಆಟವನ್ನು ಕಟ್ಟಲಾಗಿತ್ತು. ಯಾವ ಕಾರು ಗ್ಯಾರೇಜಿನಲ್ಲಿದೆ, ಎಷ್ಟು ದುಡ್ಡು ಗಳಿಸಿದ್ದಾಗಿದೆ, ಎಲ್ಲಿಯವರೆಗೆ ಕಥೆ ಸಾಗಿದೆ ಎಂಬ ಲೆಕ್ಕವೆಲ್ಲ ಇದ್ದದ್ದು ಅಲ್ಲಿ. ಮನೆಯ ಕಂಪ್ಯೂಟರಿನಲ್ಲಿ ಚಿತ್ರ, ಸದ್ದು, ಕಾರುಗಳ ಆಕಾರ ಎಲ್ಲ ಉಳಿದಿದ್ದರೂ ಅವನ್ನು ನಡೆಸುವ ಭಾಗ ಬೇರೆಯವರ ಕೈಯಲ್ಲಿತ್ತು.

ತೊಂಬತ್ತರ ದಶಕದಲ್ಲಿ ಕರ್ನಾಟಕದ ಮನೆಗಳಲ್ಲಿ ಟಿ.ವಿ.ಗೆ ಸಿಕ್ಕಿಸಿಕೊಂಡ ವಿಡಿಯೊ ಗೇಮ್‌ಗಳ ಪಾಡು ಹೀಗಿರಲಿಲ್ಲ. ಅವುಗಳಲ್ಲಿ ಹೆಚ್ಚಿನವು ಜಪಾನಿನ ನಿಂಟೆಂಡೊ ಯಂತ್ರದ ನಕಲುಗಳು. ಆಟ ಇರುತ್ತಿದ್ದದ್ದು ಹಳದಿಯೋ ಕಪ್ಪೋ ಬಣ್ಣದ ಪ್ಲಾಸ್ಟಿಕ್ ಡಬ್ಬಿಯೊಳಗೆ. ಮಕ್ಕಳೆಲ್ಲ ಅದನ್ನು ಕರೆಯುತ್ತಿದ್ದದ್ದು ಕ್ಯಾಸೆಟ್ ಎಂದು. ಕಾಂಟ್ರಾ, ಮಾರಿಯೊ, ಡಕ್ ಹಂಟ್ ಎಲ್ಲ ಅದರಲ್ಲೇ. ಲೇಬಲ್ ಮೇಲೆ 9999 ಆಟ ಎಂದಿದ್ದರೂ ಒಳಗಿರುತ್ತಿದ್ದವು ಬೆರಳೆಣಿಕೆಯಷ್ಟು, ಉಳಿದದ್ದು ಅವುಗಳದೇ ಪುನರಾವರ್ತನೆ. ಆಟ ತೆರೆಯದಿದ್ದರೆ ಕ್ಯಾಸೆಟ್ ತೆಗೆದು, ಬಾಯಿಂದ ಊದಿ, ಮತ್ತೆ ಹಾಕಿದರಾಯಿತು. ಪಕ್ಕದ ಮನೆಯವರಿಗೆ ಎರವಲು ಕೊಡಬಹುದಿತ್ತು, ಅವರ ಹತ್ತಿರವಿದ್ದ ಇನ್ನೊಂದರ ಜೊತೆ ಅದಲುಬದಲು ಮಾಡಿಕೊಳ್ಳಬಹುದಿತ್ತು. ಮುಂದೆ ಕಂಪ್ಯೂಟರ್ ಬಂದ ಮೇಲೆ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಿಂದಲೋ ಎಸ್.ಪಿ. ರೋಡಿನಿಂದಲೋ ತಂದ ಸಿ.ಡಿ.ಗಳ ಕಾಲ. ಡೇಂಜರಸ್ ಡೇವ್, ರೋಡ್ ರ‍್ಯಾಷ್, ವೈಸ್ ಸಿಟಿ ಆಡಿದವರು ಕರ್ನಾಟಕದ ಯಾವ ಊರಿನಲ್ಲಿ ಇಲ್ಲ? ಅವುಗಳಲ್ಲಿ ಬಹುಪಾಲು ಕಳ್ಳ ಪ್ರತಿಗಳು ಎಂಬುದನ್ನು ಮುಚ್ಚಿಡುವಂತಿಲ್ಲ. ಆದರೆ ಆ ಪ್ರತಿಗಳು ಎಲ್ಲೋ ಕುಳಿತ ಕಂಪನಿಯ ಅಪ್ಪಣೆಗೆ ಕಾಯುತ್ತಿರಲಿಲ್ಲ. ಇವತ್ತು ಕಷ್ಟಪಟ್ಟು ದುಡಿದ ದುಡ್ಡಿನಲ್ಲಿ, ಪ್ರಾಮಾಣಿಕವಾಗಿ ಬೆಲೆ ತೆತ್ತು ಆಟ ತೆಗೆದುಕೊಳ್ಳುವ ತಲೆಮಾರಿಗೆ ಆ ಭರವಸೆಯೂ ಇಲ್ಲ.

ಕಾಗದದ ಮೇಲೆ ನೋಡಿದರೆ ಕಂಪನಿಗಳ ಪಕ್ಷವೇ ಗಟ್ಟಿ. ಆಟ ತೆರೆಯುವ ಮುನ್ನ ಎಲ್ಲರೂ ಓದದೆ ಒಪ್ಪಿಗೆ ಒತ್ತುವ ಷರತ್ತುಗಳಲ್ಲಿ, ಮಾರುತ್ತಿರುವುದು ಆಟವನ್ನಲ್ಲ, ಆಡಲು ಕೊಟ್ಟ ಪರವಾನಗಿಯನ್ನು ಎಂದು ಬರೆದಿರುತ್ತದೆ. ಪರವಾನಗಿ ಕೊಟ್ಟವರು ಅದನ್ನು ವಾಪಸ್ ಪಡೆಯಲೂಬಹುದು. ಇದು ಆಟಗಳಿಗಷ್ಟೇ ಸೀಮಿತವಾದ ಸಂಗತಿಯಲ್ಲ. 2009ರ ಜುಲೈನಲ್ಲಿ ಅಮೆಜಾನ್ ತನ್ನ ಕಿಂಡಲ್ ಓದುಗರ ಯಂತ್ರಗಳಿಂದ ಜಾರ್ಜ್ ಆರ್ವೆಲ್‌ನ ‘1984’ ಮತ್ತು ‘ಅನಿಮಲ್ ಫಾರ್ಮ್’ ಪುಸ್ತಕಗಳನ್ನು ದೂರದಿಂದಲೇ ಅಳಿಸಿಹಾಕಿತ್ತು. ಅವನ್ನು ಅಲ್ಲಿ ಮಾರಾಟಕ್ಕಿಟ್ಟ ಪ್ರಕಾಶಕನಿಗೆ ಹಕ್ಕೇ ಇರಲಿಲ್ಲ ಎಂಬುದು ಕಾರಣ. ದುಡ್ಡು ಹಿಂದಿರುಗಿಸಿದ ಮೇಲೂ ಕಂಪನಿಯ ಅಂದಿನ ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆ ಕೇಳಬೇಕಾಯಿತು. 2018ರಲ್ಲಿ ‘ಜಿಟಿಎ 4’ ಆಟಕ್ಕೆ ಹತ್ತು ವರ್ಷ ತುಂಬಿದಾಗ ಅದರೊಳಗಿನ ರೇಡಿಯೊ ಹಾಡುಗಳ ಒಪ್ಪಂದದ ಅವಧಿ ತೀರಿತ್ತು. ಒಂದು ಅಪ್‌ಡೇಟ್ ಬಂದು, ಹಿಂದೆಯೇ ಆಟ ಕೊಂಡಿದ್ದವರ ಕಂಪ್ಯೂಟರಿನಿಂದಲೂ ಎಷ್ಟೋ ಹಾಡುಗಳು ಮಾಯವಾದವು. ಆ ಆಟದ ರಷ್ಯನ್ ರೇಡಿಯೊ ಸ್ಟೇಷನ್ ಕೇಳುತ್ತ ರಾತ್ರಿಯೆಲ್ಲ ಕಾರು ಓಡಿಸಿದವರಿಗೆ ಇದು ಸಣ್ಣ ನಷ್ಟವಲ್ಲ.

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ 2024ರಲ್ಲಿ ಒಂದು ಕಾಯ್ದೆ ಮಾಡಿತು. ಡಿಜಿಟಲ್ ಸರಕನ್ನು ಮಾರುವವರು, ಗ್ರಾಹಕರಿಗೆ ಸಿಗುತ್ತಿರುವುದು ಪರವಾನಗಿ ಮಾತ್ರ ಎಂಬುದನ್ನು ಮೊದಲೇ ಸ್ಪಷ್ಟವಾಗಿ ಹೇಳಬೇಕು. 2025ರ ಜನವರಿಯಿಂದ ಅದು ಜಾರಿಯಲ್ಲಿದೆ. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ದುಡ್ಡು ಕಟ್ಟುವ ಪುಟದಲ್ಲೇ ಈಗ ಈ ಮಾತು ಕಾಣಿಸುತ್ತದೆ. ಒಳ್ಳೆಯದೇ. ಆದರೆ ಕಸಿದುಕೊಳ್ಳಬಹುದು ಎಂದು ಮೊದಲೇ ತಿಳಿಸಿ ಕಸಿದುಕೊಂಡರೆ ಆಟ ಉಳಿದಂತಾಗುವುದಿಲ್ಲ.

ಈ ಅಸಮಾಧಾನಕ್ಕೆ ಒಂದು ರೂಪ ಕೊಟ್ಟವರು ರಾಸ್ ಸ್ಕಾಟ್. ಪೋಲೆಂಡಿನಲ್ಲಿ ನೆಲೆಸಿರುವ ಈ ಅಮೆರಿಕನ್, ಹಳೆಯ ಆಟಗಳ ಬಗ್ಗೆ ಯೂಟ್ಯೂಬಿನಲ್ಲಿ ವಿಡಿಯೊ ಮಾಡುತ್ತ ಬಂದವರು. ‘ದಿ ಕ್ರೂ’ ನಿಂತ ಬೆನ್ನಲ್ಲೇ, 2024ರ ಏಪ್ರಿಲ್‌ನಲ್ಲಿ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಎಂಬ ಅಭಿಯಾನ ಶುರುಮಾಡಿದರು. ಯುರೋಪಿಯನ್ ಒಕ್ಕೂಟದಲ್ಲಿ ಜನರೇ ಸಹಿ ಸಂಗ್ರಹಿಸಿ ಕಾನೂನಿಗೆ ಒತ್ತಾಯಿಸುವ ವ್ಯವಸ್ಥೆಯೊಂದಿದೆ. ಒಂದು ವರ್ಷದೊಳಗೆ 10 ಲಕ್ಷ ಸಹಿ ಬಂದರೆ ಯುರೋಪಿಯನ್ ಆಯೋಗ ಉತ್ತರ ಕೊಡಲೇಬೇಕು. ಜುಲೈ ಕೊನೆಯಲ್ಲಿ ಸಹಿ ಸಂಗ್ರಹ ಆರಂಭವಾಯಿತು. ಮೊದಲ ತಿಂಗಳುಗಳ ಹುರುಪು ಇಳಿದ ಮೇಲೆ ಸಂಖ್ಯೆ ಅರ್ಧದ ದಾರಿಯಲ್ಲೇ ನಿಂತುಬಿಟ್ಟಿತು. 2025ರ ಜೂನಿನಲ್ಲಿ, ಇನ್ನು ಇದು ಆಗದ ಮಾತು ಎಂಬ ಧಾಟಿಯಲ್ಲಿ ಸ್ಕಾಟ್ ಒಂದು ವಿಡಿಯೊ ಹಾಕಿದರು. ಅದನ್ನು ಕಂಡ ದೊಡ್ಡ ದೊಡ್ಡ ಯೂಟ್ಯೂಬರ್‌ಗಳು ವಿಷಯವನ್ನು ಕೈಗೆತ್ತಿಕೊಂಡರು. ಜುಲೈ ಮೊದಲ ವಾರದಲ್ಲೇ 10 ಲಕ್ಷ ದಾಟಿತು. ಗಡುವು ಮುಗಿಯುವ ಹೊತ್ತಿಗೆ 14 ಲಕ್ಷ. ಬ್ರಿಟನ್ನಿನ ಪ್ರತ್ಯೇಕ ಮನವಿಗೂ ಒಂದು ಲಕ್ಷಕ್ಕಿಂತ ಹೆಚ್ಚು ಸಹಿ ಬಿದ್ದವು. ಆಟದ ವಿಷಯಕ್ಕೆ ಇಷ್ಟು ಜನ ಸರ್ಕಾರದ ಬಾಗಿಲಿಗೆ ಬಂದದ್ದು ಸಾಮಾನ್ಯ ಸಂಗತಿಯಲ್ಲ.

ಅಭಿಯಾನದವರ ಬೇಡಿಕೆಯನ್ನು ಬೇಕೆಂದೇ ತಿರುಚಿ ಹೇಳಿದವರೂ ಇದ್ದಾರೆ. ಸರ್ವರ್‌ಗಳನ್ನು ಕಂಪನಿ ಎಂದೆಂದಿಗೂ ನಡೆಸುತ್ತಿರಬೇಕು ಎಂದು ಯಾರೂ ಕೇಳಿಲ್ಲ. ನಿಲ್ಲಿಸುವ ದಿನ ಬಂದಾಗ, ಕೊಂಡವರು ಮುಂದೆಯೂ ಹೇಗಾದರೂ ಆಡಿಕೊಳ್ಳುವ ಸ್ಥಿತಿಯಲ್ಲಿ ಆಟವನ್ನು ಬಿಟ್ಟುಹೋಗಿ ಎನ್ನುವುದಷ್ಟೇ ಕೋರಿಕೆ. ಇಂಟರ್ನೆಟ್ ಇಲ್ಲದೆ ನಡೆಯುವಂತೆ ಒಂದು ಕೊನೆಯ ಅಪ್‌ಡೇಟ್ ಕೊಡಬಹುದು, ಇಲ್ಲವೇ ಆಟಗಾರರೇ ಸರ್ವರ್ ನಡೆಸಿಕೊಳ್ಳಲು ಬೇಕಾದ ಪ್ರೋಗ್ರಾಂ ಬಿಟ್ಟುಕೊಡಬಹುದು. ಕಂಪನಿಗಳ ಒಕ್ಕೂಟ ‘ವಿಡಿಯೊ ಗೇಮ್ಸ್ ಯುರೋಪ್’ ಇದಕ್ಕೆ ಒಪ್ಪುವುದಿಲ್ಲ. ಖಾಸಗಿ ಸರ್ವರ್‌ಗಳಲ್ಲಿ ಆಟಗಾರರ ಮಾಹಿತಿಗೆ ರಕ್ಷಣೆ ಇರುವುದಿಲ್ಲ, ಕಾನೂನುಬಾಹಿರ ವಿಷಯ ಹರಿದಾಡಿದರೆ ಹೊಣೆ ಯಾರದ್ದು, ಪೂರ್ತಿ ಆನ್‌ಲೈನ್ ಆಗಿಯೇ ರೂಪಿಸಿದ ಆಟವನ್ನು ಬದಲಿಸಲು ವಿಪರೀತ ಖರ್ಚು ಎಂಬುವು ಅವರ ವಾದಗಳು. ಇವು ತಳ್ಳಿಹಾಕುವ ಮಾತುಗಳಲ್ಲ. ಈಗಾಗಲೇ ಕಟ್ಟಿ ಮುಗಿಸಿದ ದೊಡ್ಡ ಆನ್‌ಲೈನ್ ಆಟವನ್ನು ಬಿಚ್ಚಿ ಮತ್ತೆ ಜೋಡಿಸುವುದು ನಿಜವಾಗಿಯೂ ಕಷ್ಟ. ಆದರೆ ಮುಂದೆ ಕಟ್ಟುವ ಆಟಗಳಿಗೆ ಈ ನೆಪ ಹೊಂದುವುದಿಲ್ಲ. ಕೊನೆಯ ದಿನ ಏನು ಮಾಡಬೇಕು ಎಂಬುದನ್ನು ಮೊದಲ ದಿನವೇ ಯೋಚಿಸಿದ್ದರೆ ಖರ್ಚು ಎಷ್ಟೋ ಕಡಿಮೆ. ಯೂಬಿಸಾಫ್ಟ್ ಕೂಡ ಇಷ್ಟು ಗಲಾಟೆಯಾದ ಮೇಲೆ ‘ದಿ ಕ್ರೂ 2’ಕ್ಕೆ ಆಫ್‌ಲೈನ್‌ನಲ್ಲಿ ಆಡುವ ಸೌಲಭ್ಯ ಸೇರಿಸಿತು. ಮೊದಲ ಆಟಕ್ಕಂತೂ ಅಭಿಮಾನಿಗಳೇ ಸಂಬಳವಿಲ್ಲದೆ ಕೂತು, ಸರ್ವರ್ ಮಾಡುತ್ತಿದ್ದ ಕೆಲಸವನ್ನೆಲ್ಲ ಊಹಿಸಿ ಬರೆದು, 2025ರ ಸೆಪ್ಟೆಂಬರಿನಲ್ಲಿ ಮತ್ತೆ ರಸ್ತೆಗಿಳಿಸಿದರು. ಹವ್ಯಾಸಿಗಳ ಕೈಲಿ ಆದದ್ದು ಸಾವಿರಾರು ಜನ ದುಡಿಯುವ ಕಂಪನಿಯ ಕೈಲಿ ಆಗುವುದಿಲ್ಲ ಎಂದರೆ ನಂಬುವುದು ಹೇಗೆ?

ಕಾಪಾಡುವುದು ಕಂಪನಿಗಳ ಸ್ವಭಾವದಲ್ಲೇ ಇಲ್ಲ ಎನ್ನುವುದಕ್ಕೆ ಹಳೆಯ ಉದಾಹರಣೆಗಳೂ ಬೇಕಷ್ಟಿವೆ. ಜಪಾನಿನ ಸ್ಕ್ವೇರ್ ಎನಿಕ್ಸ್ ತನ್ನದೇ ಜನಪ್ರಿಯ ಆಟ ‘ಕಿಂಗ್‌ಡಮ್ ಹಾರ್ಟ್ಸ್’ನ ಮೂಲ ಸಾಮಗ್ರಿಯನ್ನು ಕಳೆದುಕೊಂಡಿತ್ತು. ಹೊಸ ಆವೃತ್ತಿ ತರುವಾಗ ಮಾರುಕಟ್ಟೆಯಲ್ಲಿದ್ದ ಪ್ರತಿಯನ್ನೇ ಬಗೆದು ನೋಡಿ ಎಷ್ಟೋ ಭಾಗವನ್ನು ಮತ್ತೆ ಮಾಡಬೇಕಾಯಿತು. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಈಗ ಅಂಗಡಿಯಲ್ಲಿ ಎಲ್ಲೂ ಕೊಳ್ಳಲು ಸಿಗುವುದಿಲ್ಲ.

ಉಳಿದಿರುವುದರಲ್ಲಿ ಎಷ್ಟೋ ಉಳಿದದ್ದು ಅಟ್ಟದ ಮೇಲಿನ ರಟ್ಟಿನ ಡಬ್ಬಿಗಳ ದಯೆಯಿಂದ. ‘ಪ್ರಿನ್ಸ್ ಆಫ್ ಪರ್ಷಿಯಾ’ದ ಕಥೆಯನ್ನೇ ನೋಡಿ. ನೆಲದಿಂದ ಏಳುವ ಮುಳ್ಳುಗಳು, ಕಾಲಿಟ್ಟರೆ ಕುಸಿಯುವ ಹಾಸುಗಲ್ಲು, ಒಂದು ಗಂಟೆಯೊಳಗೆ ರಾಜಕುಮಾರಿಯನ್ನು ಬಿಡಿಸಿಕೊಳ್ಳಬೇಕೆಂಬ ಗಡುವು. ಭಾರತದಲ್ಲಿ ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಮೇಷ್ಟ್ರ ಕಣ್ಣು ತಪ್ಪಿಸಿ ಇದನ್ನು ಆಡಿದ ಒಂದು ತಲೆಮಾರೇ ಇದೆ. ಆ ಬಿಳಿ ಉಡುಪಿನ ರಾಜಕುಮಾರ ಓಡುವುದು, ಅಂಚಿಗೆ ಜೋತುಬೀಳುವುದು, ಮೇಲೆ ಹತ್ತುವುದು ನಿಜವಾದ ಮನುಷ್ಯನ ಹಾಗೆಯೇ ಕಾಣುತ್ತಿತ್ತು. ಅದಕ್ಕೆ ಕಾರಣವಿತ್ತು. ಆಟ ಮಾಡಿದ ಜೋರ್ಡನ್ ಮೆಕ್ನರ್ ತನ್ನ ತಮ್ಮ ಡೇವಿಡ್‌ನನ್ನು ವಾಹನ ನಿಲ್ಲಿಸುವ ಜಾಗದಲ್ಲಿ ಓಡಿಸಿ, ಹಾರಿಸಿ ವಿಡಿಯೊ ತೆಗೆದು, ಅದರ ಒಂದೊಂದು ಚೌಕಟ್ಟನ್ನೂ ನೋಡಿ ಗೆರೆ ಎಳೆದು ಪಾತ್ರ ಮಾಡಿದ್ದರು. 1989ರಲ್ಲಿ ಆಪಲ್ 2 ಕಂಪ್ಯೂಟರಿಗೆ ಬಂದ ಆ ಆಟದ ಮೂಲ ಕೋಡ್ ಮುಂದೆ ಎಲ್ಲಿ ಹೋಯಿತೆಂದು ಮೆಕ್ನರ್ ಅವರಿಗೇ ಗೊತ್ತಿರಲಿಲ್ಲ. ಹುಡುಕಿ ಹುಡುಕಿ ಕೈಬಿಟ್ಟಿದ್ದರು.

2012ರಲ್ಲಿ ಅವರ ತಂದೆ ಮನೆ ಶುಚಿ ಮಾಡುವಾಗ ಒಂದು ಡಬ್ಬಿ ಸಿಕ್ಕಿತು. ಒಳಗೆ ಫ್ಲಾಪಿಗಳು, ಮೇಲೆ ಮಗನ ಕೈಬರಹ. ಫ್ಲಾಪಿಯ ಕಾಂತೀಯ ಪದರ ವರ್ಷ ಕಳೆದಂತೆ ಸವೆಯುತ್ತದೆ. ಇಪ್ಪತ್ತು ವರ್ಷ ದಾಟಿದ್ದನ್ನು ಸಿಕ್ಕಿದ ಯಂತ್ರಕ್ಕೆ ತುರುಕಿದರೆ ಇದ್ದದ್ದೂ ಹೋದೀತು. ಹಾಗಾಗಿ ಹಳೆಯದನ್ನು ಡಿಜಿಟಲ್ ರೂಪದಲ್ಲಿ ಕಾಪಾಡುವ ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಸಾಫ್ಟ್‌ವೇರ್ ಸಂಗ್ರಹಿಸುವ ಜೇಸನ್ ಸ್ಕಾಟ್ ಮತ್ತು ಹಳೆಯ ಆಪಲ್ ಯಂತ್ರಗಳನ್ನು ಬಲ್ಲ ಟೋನಿ ಡಿಯಾಜ್ ಬೇಕಾದ ಯಂತ್ರಗಳನ್ನೆಲ್ಲ ಹೊತ್ತುಕೊಂಡು ಮೆಕ್ನರ್ ಮನೆಗೆ ಬಂದರು. ಒಂದೊಂದೇ ಫ್ಲಾಪಿ ಓದಿಸುತ್ತ ಹೋದರು. ಕೋಡ್ ಇತ್ತು, ಕೆಡದೆ ಇತ್ತು. ಮೆಕ್ನರ್ ಅದನ್ನು ಕೋಡ್ ಹಂಚಿಕೊಳ್ಳುವ ಜಾಲತಾಣ ಗಿಟ್‌ಹಬ್‌ನಲ್ಲಿ ಹಾಕಿದರು. ಈಗ ಅದನ್ನು ಯಾರು ಬೇಕಾದರೂ ಓದಬಹುದು. ಒಬ್ಬ ಅಪ್ಪ ಮಗನ ಹಳೆಯ ಡಬ್ಬಿಯನ್ನು ರದ್ದಿಗೆ ಹಾಕದೆ ಇಟ್ಟುಕೊಂಡದ್ದಕ್ಕೆ ಇದು ಸಾಧ್ಯವಾಯಿತು. ಸರ್ವರ್‌ನಲ್ಲಿ ಮಾತ್ರ ಬದುಕಿರುವ ಆಟಕ್ಕೆ ಅಂಥ ಅಪ್ಪನೂ ಇಲ್ಲ, ಡಬ್ಬಿಯೂ ಇಲ್ಲ.

ಬ್ರೌಸರಿನಲ್ಲೇ ತೆರೆದುಕೊಳ್ಳುತ್ತಿದ್ದ ಫ್ಲ್ಯಾಶ್ ಆಟಗಳನ್ನು ಉಳಿಸಿದವರೂ ಹವ್ಯಾಸಿಗಳೇ. ಸೈಬರ್ ಕೆಫೆಯಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಮಿನಿಕ್ಲಿಪ್ ಜಾಲತಾಣ ತೆರೆದು ಕೂತವರಿಗೆ ಆ ಲೋಕ ಗೊತ್ತು. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ನಿಲ್ಲಿಸಿತು. ಅದರಲ್ಲಿ ಭದ್ರತೆಯ ತೂತುಗಳಿದ್ದದ್ದು ನಿಜ, ನಿಲ್ಲಿಸಿದ್ದು ಸರಿಯೇ. ಫೇಸ್‌ಬುಕ್ಕಿನಲ್ಲಿ ಒಂದು ಕಾಲಕ್ಕೆ ತಿಂಗಳಿಗೆ 8 ಕೋಟಿ ಜನ ಬೆಳೆ ತೆಗೆಯುತ್ತಿದ್ದ ‘ಫಾರ್ಮ್‌ವಿಲ್’ ಕೂಡ ಅದೇ ದಿನ ಮುಚ್ಚಿತು. ಇದನ್ನು ಮೊದಲೇ ಅಂದಾಜು ಮಾಡಿ, ಆಸ್ಟ್ರೇಲಿಯಾದ ಬೆನ್ ಲ್ಯಾಟಿಮೋರ್ 2018ರ ಆರಂಭದಲ್ಲಿ ‘ಫ್ಲ್ಯಾಶ್‌ಪಾಯಿಂಟ್’ ಎಂಬ ಸಂಗ್ರಹ ಶುರುಮಾಡಿದ್ದರು. ಜಗತ್ತಿನ ಮೂಲೆಮೂಲೆಯ ಸ್ವಯಂಸೇವಕರು ಕೈಜೋಡಿಸಿ ಒಂದು ಲಕ್ಷಕ್ಕೂ ಹೆಚ್ಚು ಆಟ ಮತ್ತು ಅನಿಮೇಷನ್‌ಗಳನ್ನು ಅದರಲ್ಲಿ ಸೇರಿಸಿದ್ದಾರೆ. ಅವುಗಳಲ್ಲಿ ಬಹಳಷ್ಟು ಕಾಲೇಜು ಹುಡುಗರು ರಾತ್ರಿ ಕೂತು ಮಾಡಿದ ಪುಟ್ಟ ಆಟಗಳು. ಯಾವ ಕಂಪನಿಗೂ ಅವು ಲಾಭ ತರುವುದಿಲ್ಲ. ಇಂಟರ್ನೆಟ್ಟಿನ ಆ ಹತ್ತು ಹದಿನೈದು ವರ್ಷ ಹೇಗಿತ್ತು ಎಂದು ಮುಂದಿನವರಿಗೆ ತೋರಿಸಲು ಅವಕ್ಕಿಂತ ಒಳ್ಳೆಯ ದಾಖಲೆ ಬೇರೆ ಸಿಗಲಾರದು.

ಇಂಥವರು ಮಾಡುವ ಕೆಲಸ ಕಾನೂನಿನ ಕಣ್ಣಿನಲ್ಲಿ ಹಲವು ಸಲ ಅಡ್ಡಗೋಡೆಯ ಮೇಲಿನ ದೀಪ. ‘ಸಿಟಿ ಆಫ್ ಹೀರೋಸ್’ ಆಟವನ್ನು ಎನ್‌ಸಿಸಾಫ್ಟ್ ಕಂಪನಿ 2012ರ ನವೆಂಬರಿನಲ್ಲಿ ಮುಚ್ಚಿತು. ಮುಚ್ಚುತ್ತಾರೆಂದು ಗೊತ್ತಾದಾಗ ಆಟಗಾರರು ಆಟದೊಳಗಿನ ಅಟ್ಲಾಸ್ ಪಾರ್ಕಿನಲ್ಲಿ ತಮ್ಮ ತಮ್ಮ ಪಾತ್ರಗಳ ಕೈಗೆ ಪಂಜು ಕೊಟ್ಟು ಸಾಲುಗಟ್ಟಿ ನಿಂತಿದ್ದರು. ಕಂಪನಿ ಜಗ್ಗಲಿಲ್ಲ. ಆದರೆ ಯಾರೋ ಕೆಲವರು ಅದರ ಖಾಸಗಿ ಸರ್ವರ್ ಒಂದನ್ನು ವರ್ಷಗಟ್ಟಲೆ ಗುಟ್ಟಾಗಿ ನಡೆಸುತ್ತಿದ್ದದ್ದು 2019ರಲ್ಲಿ ಬಯಲಾಯಿತು, ಕೋಡ್ ಎಲ್ಲರಿಗೂ ಸಿಕ್ಕಿತು. ಹಾಗೆ ಹುಟ್ಟಿಕೊಂಡ ‘ಹೋಮ್‌ಕಮಿಂಗ್’ ತಂಡಕ್ಕೆ 2024ರ ಜನವರಿಯಲ್ಲಿ ಎನ್‌ಸಿಸಾಫ್ಟ್ ಅಧಿಕೃತ ಪರವಾನಗಿಯನ್ನೇ ಕೊಟ್ಟಿತು. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನ ಹಳೆಯ ಆವೃತ್ತಿಯನ್ನು ನಡೆಸುತ್ತಿದ್ದ ‘ನಾಸ್ಟಾಲ್ರಿಯಸ್’ ಎಂಬ ಖಾಸಗಿ ಸರ್ವರ್ 2016ರಲ್ಲಿ ಬ್ಲಿಝರ್ಡ್ ಕಂಪನಿಯ ಕಾನೂನು ಬೆದರಿಕೆಗೆ ಮುಚ್ಚಿತ್ತು. ಮೂರು ವರ್ಷದ ನಂತರ ಅದೇ ಬ್ಲಿಝರ್ಡ್ ಹಳೆಯ ಆವೃತ್ತಿಯನ್ನು ‘ಕ್ಲಾಸಿಕ್’ ಹೆಸರಿನಲ್ಲಿ ತಾನೇ ತಂದು ಗೆದ್ದಿತು. ಹಳೆಯದು ಯಾರಿಗೂ ಬೇಡ ಎಂಬ ವ್ಯಾಪಾರಿ ಲೆಕ್ಕಾಚಾರ ತಪ್ಪೆಂದು ತೋರಿಸಿಕೊಟ್ಟವರು, ಕಂಪನಿಗಳು ಅಪರಾಧಿಗಳೆಂದು ಕಂಡ ಅಭಿಮಾನಿಗಳೇ.

ಭಾರತದಲ್ಲಿ ಆಟಗಳು ಮಾಯವಾಗುವುದಕ್ಕೆ ಇನ್ನೊಂದು ಕಾರಣವೂ ಇದೆ: ಸರ್ಕಾರದ ಆದೇಶ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ನಿಷೇಧವಾಯಿತು. ಮರುವರ್ಷ ಜುಲೈನಲ್ಲಿ ಅದು ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು, 2022ರ ಜುಲೈನಲ್ಲಿ ಪ್ಲೇ ಸ್ಟೋರಿನಿಂದ ಹೋಯಿತು, 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ದೇಶದ ಭದ್ರತೆ, ಮಕ್ಕಳ ಚಟ ಇವೆಲ್ಲ ದೊಡ್ಡ ಪ್ರಶ್ನೆಗಳು. ಅವನ್ನು ಸರ್ಕಾರ ನೋಡಲೇಬೇಕು. ಆದರೆ ಪಾಕೆಟ್ ಮನಿ ಉಳಿಸಿ ಆಟದೊಳಗಿನ ಬಟ್ಟೆ, ಬಂದೂಕಿನ ಬಣ್ಣಗಳಿಗೆ ಸುರಿದ ಹುಡುಗರಿಗೆ ಆ ದುಡ್ಡಿನ ಗತಿ ಏನು ಎಂದು ಹೇಳುವವರು ಇರಲಿಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಕಾಯ್ದೆ ಮಾಡಿದಾಗಲೂ ಚರ್ಚೆಯೆಲ್ಲ ಹಣ ಕಟ್ಟಿ ಆಡುವ ಆಟಗಳ ಸುತ್ತಲೇ ನಡೆಯಿತು. ಹಣದ ಆಟದಿಂದ ಮನೆ ಮುರಿದವರ ಕಷ್ಟದ ಮುಂದೆ ಬೇರೆಯದು ಸಣ್ಣದಾಗಿ ಕಂಡದ್ದು ಸಹಜ. ಕೊಂಡ ಆಟದ ಸರ್ವರ್ ನಿಂತರೆ ಗ್ರಾಹಕರಿಗೆ ಏನು ಎಂಬ ಪ್ರಶ್ನೆ ಇನ್ನೂ ಬರಬೇಕಿದೆ.

ಉಳಿಸುವ ಮಾತಿಗೆ ಬಂದರೆ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ 1992ರಿಂದಲೇ ಪುಸ್ತಕಗಳ ಹಾಗೆ ವಿಡಿಯೊ ಗೇಮ್‌ಗಳ ಪ್ರತಿಯನ್ನೂ ಕಾನೂನಿನ ಬಲದಿಂದ ಪಡೆದು ಕಾಪಾಡುತ್ತಿದೆ. ಭಾರತದ 1954ರ ಕಾಯ್ದೆಯಂತೆ ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವೂ ಸೇರಿ ನಾಲ್ಕು ಗ್ರಂಥಾಲಯಗಳಿಗೆ ಪುಸ್ತಕ ಕಳಿಸಬೇಕು. ಆಟಗಳಿಗೆ ಅಂಥ ಕಟ್ಟಳೆಯಿಲ್ಲ. ಆಟ ಮಾಡಿದವರ ಕೊರತೆಯಂತೂ ಇಲ್ಲ. ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರ‍್ಯಾಕ್ಟಿವ್ ತೊಂಬತ್ತರ ದಶಕದಲ್ಲೇ ಆಟದ ಕೆಲಸಕ್ಕಿಳಿದ ಸಂಸ್ಥೆ. ಜಗತ್ತಿನ ದೊಡ್ಡ ಆಟಗಳಿಗೆ ಇಲ್ಲಿನ ಕಲಾವಿದರು ಕಾರು, ಕಟ್ಟಡ, ಮರಗಿಡ ಬರೆದುಕೊಟ್ಟಿದ್ದಾರೆ. 2019ರಲ್ಲಿ ಅದನ್ನು ಜಿಟಿಎ ಮಾಡುವ ರಾಕ್‌ಸ್ಟಾರ್ ಕೊಂಡುಕೊಂಡಿತು. ಪುಣೆಯ ಸಣ್ಣ ತಂಡವೊಂದು 2020ರಲ್ಲಿ ತಂದ ‘ರಾಜಿ’ ಹೊರದೇಶಗಳಲ್ಲೂ ಹೆಸರು ಮಾಡಿತು. ಇವರೆಲ್ಲರ ಕೆಲಸ ಮೂವತ್ತು ವರ್ಷದ ಮೇಲೆ ಎಲ್ಲಿ ಸಿಗುತ್ತದೆ?

ಕರ್ನಾಟಕ ಇದರಲ್ಲಿ ಮೊದಲ ಹೆಜ್ಜೆ ಇಡಬಹುದು. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದೇ 2012ರಲ್ಲಿ ನೀತಿ ತಂದ ರಾಜ್ಯವಿದು. ಬೆಂಗಳೂರಿನ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಕನ್ನಡ ಪುಸ್ತಕಗಳ ಪ್ರತಿ ಕೊಡುವ ರೂಢಿ ಪ್ರಕಾಶಕರಿಗೆ ಹೊಸತಲ್ಲ. ಹಳೆಯ ಕನ್ನಡ ಪುಸ್ತಕ, ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಏರಿಸುತ್ತಿರುವ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ನಂಥ ಸ್ವಯಂಸೇವಕರ ತಂಡ ಇದೇ ಊರಿನಲ್ಲಿದೆ. ಸರ್ಕಾರದ ನೆರವು ಪಡೆದು ಮಾಡಿದ ಪ್ರತಿ ಆಟದ ಒಂದು ಪ್ರತಿಯನ್ನು ಗ್ರಂಥಾಲಯಕ್ಕೆ ಕೊಡಬೇಕೆಂಬ ಷರತ್ತನ್ನು ಮುಂದಿನ ನೀತಿಯಲ್ಲಿ ಸೇರಿಸಲು ದೊಡ್ಡ ಖರ್ಚೇನೂ ಬೇಕಿಲ್ಲ. ಆಟದ ಫೈಲ್ ಒಂದನ್ನೇ ಕೊಟ್ಟರೆ ಸಾಲದು. ಅದು ನಡೆಯುವ ಯಂತ್ರ ಯಾವುದು ಎಂಬ ವಿವರ, ಮೂಲ ಕೋಡ್, ಆನ್‌ಲೈನ್ ಆಟವಾದರೆ ಸರ್ವರ್‌ನ ಪ್ರೋಗ್ರಾಂ ಮೂರೂ ಜೊತೆಗಿರಬೇಕು. ಕಂಪನಿ ಆಟವನ್ನು ಮಾರುತ್ತಿರುವಷ್ಟು ಕಾಲ ಅದನ್ನು ಮುಚ್ಚಿದ ಲಕೋಟೆಯಲ್ಲೇ ಇಡಲಿ, ಸರ್ವರ್ ನಿಲ್ಲಿಸಿದ ದಿನ ತೆರೆಯಲಿ.